ಕುದುರೆಯ ಮೇಲೆ ಬಂದ ಯಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಳ್ಳಾರೆಯ ಆಚೆಗಿನ ಗುಡ್ಡದಲ್ಲಿ ಹಣೆಗೆ ಟಾರ್ಚು ಕಟ್ಟಿಕೊಂಡ ದುಗ್ಗಮ್ಮ ಒಂದು ರಬ್ಬರ್ ಮರದಿಂದ ಇನ್ನೊಂದಕ್ಕೆ ದಾಟುತ್ತಿದ್ದಾರೆ. ಕತ್ತಿ ತೊಗಟೆಯ ಮೇಲೆ ಓರೆಯಾಗಿ ಸರಿದು ಎಳೆಯಂಥ ಸಿಪ್ಪೆಯನ್ನು ತೆಗೆಯುತ್ತದೆ. ಹಿಂದೆಯೇ ಬಿಳಿ ಹಾಲು ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ಇಳಿಯುತ್ತದೆ. ಬಿಸಿಲೇರಿದರೆ ಹಾಲು ಕಡಿಮೆ. ಆದ್ದರಿಂದ ದಿನದ ಮುನ್ನೂರು ಮರ ಮುಗಿಯುವ ತನಕ ಅವರು ಕೂರುವುದಿಲ್ಲ.

ಎರಡು ಮಳೆಗಾಲದ ಹಿಂದೆ ರಸ್ತೆಬದಿಯ ಮರವೊಂದು ಗಾಳಿಗೆ ಬುಡಮೇಲಾಗಿ ಬೈಕಿನ ಮೇಲೆ ಬಿತ್ತು. ಬೈಕಿನಲ್ಲಿದ್ದವರು ಅವರ ಗಂಡ ಕುಕ್ಕಪ್ಪ, ಮತ್ತು ಪುತ್ತೂರಿನಲ್ಲಿ ಡಿಗ್ರಿ ಓದುತ್ತಿದ್ದ ಒಬ್ಬಳೇ ಮಗಳು ಭವಿತಾ. ಇಬ್ಬರೂ ಉಳಿಯಲಿಲ್ಲ. ಮರದ ಮೇಲೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದರೆ ದುಗ್ಗಮ್ಮ ಕತ್ತಿ ತೋರಿಸುತ್ತಾರೆ. “ಬರ್ತದೆ. ದಿನಾ ಕತ್ತಿ ಹಾಕ್ತೇನಲ್ಲ ಮಾರಾಯ್ರೆ, ಇನ್ನೆಂತ ಮಾಡುದು?”

ಮಗಳ ಕಾಲೇಜು ಚೀಲ ಮನೆಗೆ ಬಂದಾಗ ಪುಸ್ತಕಗಳ ಅಡಿಯಲ್ಲಿ ಒಂದು ಡಬ್ಬಿ ಕಾರ್ಡು ಇತ್ತು. “ನಾನು ಇಸ್ಪೀಟು ಅಂತ ಗ್ರಹಿಸಿದೆ. ನನ್ನ ಮಗಳು ಇಸ್ಪೀಟು ಆಡ್ತಿದ್ಲಾ ಅಂತ ಆ ದುಃಖದಲ್ಲೂ ಕೋಪ ಬಂತು.” ಅದು ಟ್ಯಾರೋ ಕಾರ್ಡು, ಪಟ ನೋಡಿ ಭವಿಷ್ಯ ಹೇಳುವಂಥದ್ದು, ಬಸ್ಸಿನಲ್ಲಿ ಭವಿತಾ ಗೆಳತಿಯರಿಗೆಲ್ಲ ಅದನ್ನು ತೆಗೆದು ನಗಿಸುತ್ತಿದ್ದಳು ಎಂದು ತಿಳಿಸಿದವಳು ಸಹಪಾಠಿ ಮೋಕ್ಷಿತಾ.

ಅವಳೆದುರಿಗೇ ದುಗ್ಗಮ್ಮ ಒಂದು ಕಾರ್ಡು ಎಳೆದರು. ಅಸ್ಥಿಪಂಜರವೊಂದು ಬಿಳಿ ಕುದುರೆ ಹತ್ತಿ ಬರುತ್ತಿತ್ತು. ಹುಡುಗಿ ಹೆದರಿ ಕಾರ್ಡು ಕಸಿದುಕೊಳ್ಳಲು ನೋಡಿದಳು. ಇವರು ಬಿಡಲಿಲ್ಲ. “ಯಮನಿಗೆ ಕೋಣ ಸಿಗಲಿಲ್ಲ ಅಂತ ಕಾಣ್ತದೆ, ಕುದುರೆಯಲ್ಲಿ ಬಂದಿದ್ದಾನೆ. ಬರಲಿ! ನನ್ನ ಮನೆಯಿಂದ ಇನ್ನು ಕೊಂಡುಹೋಗಲಿಕ್ಕೆ ಎಂತ ಉಂಟು?” ಅಂದರು. ಆಮೇಲೆ ಪಟದ ಮೂಲೆಯಲ್ಲಿ, ಎರಡು ಗೋಪುರಗಳ ನಡುವೆ, ಏಳುತ್ತಿದ್ದ ಸೂರ್ಯ ಕಣ್ಣಿಗೆ ಬಿತ್ತು. ಅದು ಅವರು ಕತ್ತಿ ಹಿಡಿಯುವ ಹೊತ್ತು. ಮರುದಿನವೇ, ಬಿಟ್ಟಿದ್ದ ಕೆಲಸಕ್ಕೆ ಹೊರಟರು.

ಈಗ ಭಾನುವಾರ ಮಧ್ಯಾಹ್ನ ಅವರ ಜಗಲಿಯಲ್ಲಿ ಏಳೆಂಟು ಹೆಂಗಸರು ಸೇರುತ್ತಾರೆ. ಎಲ್ಲರೂ ಯಾರನ್ನಾದರೂ ಕಳೆದುಕೊಂಡವರೇ. ದೇವರಿಗೆ ದೀಪ ಇಟ್ಟು ದುಗ್ಗಮ್ಮ ಕಾರ್ಡು ಹರಡುತ್ತಾರೆ. ಭವಿಷ್ಯ ಹೇಳುವುದಿಲ್ಲ. “ಬರುವುದು ದೇವರಿಗೆ ಗೊತ್ತು. ನಮಗೆ ಗೊತ್ತಿರುದು ಹೋದವರದ್ದು.” ಒಬ್ಬೊಬ್ಬರು ಒಂದೊಂದು ಪಟ ಎತ್ತಿ, ಅದರಲ್ಲಿ ತಮ್ಮವರ ಯಾವ ನೆನಪು ಕಂಡಿತೋ ಅದನ್ನು ಹೇಳಬೇಕು. ಅಷ್ಟೇ ಕ್ರಮ.

ಮಗನನ್ನು ಗಲ್ಫಿನಲ್ಲಿ ಕಳೆದುಕೊಂಡು, ಮುಖವನ್ನೂ ನೋಡಲಾಗದೆ ಹೋದ ರುಖಿಯಮ್ಮ ಮೊದಲು ಅಂಗಳದಲ್ಲೇ ನಿಂತಿದ್ದರು. “ಶಕುನ ಕೇಳುದು ನಮ್ಮಲ್ಲಿ ಆಗುದಿಲ್ಲ ದುಗ್ಗಕ್ಕ.”

“ಇಲ್ಲಿ ಶಕುನ ಯಾರು ಹೇಳ್ತಾರೆ? ಪಟ ನೋಡಿ, ಚಾ ಕುಡಿರಿ.”

ಅವರ ಕಣ್ಣಿಗೆ ಬಿದ್ದದ್ದು ನಕ್ಷತ್ರದ ಕಾರ್ಡು: ಕೊಳದ ಬದಿಯಲ್ಲಿ ಮಂಡಿಯೂರಿ ಎರಡು ಕೊಡಗಳಿಂದ ನೀರು ಸುರಿಯುವ ಹೆಣ್ಣು. ಮೂಲ ಪಟದಲ್ಲಿ ಅವಳ ಮೈಮೇಲೆ ನೂಲಿಲ್ಲ. ದುಗ್ಗಮ್ಮ ಕೆಂಪು ಪೆನ್ನಿನಿಂದ ಸೀರೆ ಉಡಿಸಿದ್ದಾರೆ. “ಆ ಕೊಳದ ಬದಿಯಲ್ಲಿ ಸೊಳ್ಳೆ ಬಿಡ್ತದಾ ಅವಳನ್ನು?” ರುಖಿಯಮ್ಮ ನಕ್ಕರು. ನಗುತ್ತಲೇ ಅತ್ತರು. ಬಾವಿಯಿಂದ ಎರಡೆರಡು ಕೊಡ ಒಟ್ಟಿಗೆ ಹೊತ್ತು ತರುತ್ತಿದ್ದ ಮಗ ಶಫೀಕನ ಹೆಸರನ್ನು ಅಂದು ಮೊದಲ ಬಾರಿಗೆ ನಾಲ್ಕು ಜನರೆದುರು ಎತ್ತಿದರು.

ಇದನ್ನು ಒಪ್ಪದವರೂ ಇದ್ದಾರೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಗತಿಸಿದವರ ಹೆಸರಿನಲ್ಲಿ ಬಾಳೆಲೆ ಹಾಕಿ, ಅವರು ಇಷ್ಟಪಟ್ಟದ್ದನ್ನು ಬಡಿಸುವುದು ಇಲ್ಲಿಯ ಪದ್ಧತಿ. ಕಳೆದ ವರ್ಷ ಗಂಡನ ಕುಟುಂಬದ ಮೂಲಮನೆಯಾದ ತರವಾಡು ಮನೆಯಲ್ಲಿ ದುಗ್ಗಮ್ಮ ಮಗಳ ಎಲೆಯ ಬದಿಯಲ್ಲಿ ಕಾರ್ಡಿನ ಡಬ್ಬಿ ಇಟ್ಟರು. ಗಂಡನ ಅಣ್ಣ ಕುಶಾಲಪ್ಪ ಸಿಡಿದೆದ್ದರು.

“ಹೆಣದ ಪಟ ತಂದು ಎಲೆಯ ಹತ್ರ ಇಡುದಾ? ನೀನೆಂತ ಮಂತ್ರವಾದಿಯಾ?”

“ನೀವು ಬಡಿಸಿದ ಕೋಳಿ ಅವಳಿಗೆ ಸೇರ್ತಿರ್ಲಿಲ್ಲ ಬಾವ. ಇದು ಸೇರ್ತಿತ್ತು.”

ಈ ವರ್ಷ ಕುಶಾಲಪ್ಪ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಾರೆ: ಕಾರ್ಡು ಹೊಳೆಗೆ ಬಿಟ್ಟು ಬಂದರೆ ತರವಾಡಿನಲ್ಲಿ ಎಲೆ ಉಂಟು, ಇಲ್ಲದಿದ್ದರೆ ಇಲ್ಲ. ಗಂಡ, ಮಗಳು ಹಿರಿಯರ ಸಾಲಿನಿಂದ ಹೊರಗೆ ಬೀಳುವ ಮಾತು ಅದು. ನಂಬಿಕೆಯ ಹೆಂಗಸು ದುಗ್ಗಮ್ಮ ನಿದ್ದೆಗೆಟ್ಟರು. ಒಂದು ಭಾನುವಾರ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಯೂ ಇಟ್ಟಿದ್ದರು. ಗಂಟು ಬಿಚ್ಚಿದವರು ರುಖಿಯಮ್ಮ. “ಇದನ್ನು ಹೊಳೆಗೆ ಬಿಡುದಾದ್ರೆ ನನ್ನ ಶಫೀಕ್ ಕೂಡ ಹೋಗ್ತಾನೆ ದುಗ್ಗಕ್ಕ. ಅವನನ್ನು ಮಾತಾಡ್ಸಲಿಕ್ಕೆ ನನಗೆ ಬೇರೆ ಜಾಗ ಇಲ್ಲ.”

ಅಲ್ಲಿಗೆ ತೀರ್ಮಾನವಾಯಿತು. ಬರುವ ಆಟಿಯಲ್ಲಿ ಎಲೆ ಬೀಳುವುದು ದುಗ್ಗಮ್ಮನ ಜಗಲಿಯಲ್ಲೇ. ಹಾಲಿಗೆ ಮಳೆನೀರು ಸೇರದಂತೆ ರಬ್ಬರ್ ಮರಗಳಿಗೆ ಕಟ್ಟಿ ಉಳಿದ ಪ್ಲಾಸ್ಟಿಕ್ಕಿನಲ್ಲಿ ಜಗಲಿಗೊಂದು ಇಳಿಜಾರು ಚಪ್ಪರ ಕಟ್ಟಬೇಕೆಂಬುದು ಸದ್ಯಕ್ಕೆ ಅವರ ಆಸೆ. ಬರುವವರು ಹೆಚ್ಚಾಗಿದ್ದಾರೆ.

ಬಾವ ಸಿಟ್ಟಾಗುವುದಿಲ್ಲವೇ? ದುಗ್ಗಮ್ಮ ಗೆರಟೆಯ ಹಾಲನ್ನು ಬಕೆಟಿಗೆ ಸುರಿದು, ಅಂಚಿಗಂಟಿದ್ದನ್ನೂ ಬೆರಳಿನಿಂದ ಬಳಿದು ಹಾಕುತ್ತಾರೆ.

“ಆಗ್ಲಿ. ಹೋದವರಿಗೆ ಬಡಿಸಿದ ಮೇಲೆ ಇರುವವರಿಗೂ ಬಡಿಸುದು ಉಂಟಲ್ಲ? ಬಾವನವರಿಗೂ ಒಂದು ಎಲೆ ಹಾಕ್ತೇನೆ. ಬಂದು ಊಟ ಮಾಡ್ಲಿ. ಕಾರ್ಡು ಮಾತ್ರ ಅಲ್ಲೇ ಇರ್ತದೆ.”