ಏಳು ನೀರಿನ ಕಾಕ

ಕಾಕ ನಡೆಯುವಾಗ ಅವರ ಎಡಗೈ ಮೈಗೆ ತಾಗುತ್ತಿರಲಿಲ್ಲ. ಒಂದು ಗೇಣು ದೂರ, ಮುಷ್ಟಿ ಅರ್ಧ ಬಿಗಿದು, ಯಾರೋ ಮುಂದಿನಿಂದ ಜಗ್ಗುತ್ತಿದ್ದಾರೆ ಎನ್ನುವ ಹಾಗೆ ನಿಂತಿರುತ್ತಿತ್ತು. ಯಾವಾಗಲೋ ವಾತ ಹೊಡೆದಿರಬೇಕು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಕಾಟಿಪಳ್ಳದಲ್ಲಿ ನನ್ನ ವೆಲ್ಡಿಂಗ್ ಶೆಡ್ಡಿನ ಗೋಡೆಗೆ ತಾಗಿಕೊಂಡೇ ಅವರ ಜೀನಸಿನ ಅಂಗಡಿ. ಗಲ್ಫಿನಲ್ಲಿ ದುಡಿದು ಬಂದ ಬ್ಯಾರಿ ಮುಸ್ಲಿಂ. ಊರಿಗೆಲ್ಲ ಕಾಕ, ನನಗೂ ಕಾಕ. ಆ ಕೈ ಹಾಗೇಕೆ ಎಂದು ತಿಳಿದದ್ದು ನಾನು ನಾಯಿ ತಂದ ದಿನ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವ. ಬೇರೆಯವರ ಶೆಡ್ಡಿನಲ್ಲಿ ಕಬ್ಬಿಣ ಹೊತ್ತು, ಕಣ್ಣು ಉರಿಸಿಕೊಂಡು ಕೆಲಸ ಕಲಿತು, ಕೊನೆಗೆ ಸ್ವಂತ ಶೆಡ್ಡು ಹಾಕಿದವ. ನಾನು ಮಾಡಿದ ಗೇಟು ಜೋತುಬಿದ್ದಿದೆ ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲ. ಶೆಡ್ಡು ನನ್ನದಾದ ಮೇಲೆ ಬಾಗಿಲಲ್ಲಿ ಒಂದು ಜಾತಿ ನಾಯಿ ಇರಬೇಕು ಎಂಬ ಹಠ ಹುಟ್ಟಿತು. ಪಡೀಲಿನ ಒಬ್ಬರ ಮನೆಯಿಂದ ಅಲ್ಸೇಶಿಯನ್ ಮರಿ ತಂದು ಕಿಂಗ್ ಎಂದು ಹೆಸರಿಟ್ಟೆ. ನೋಡಲು ಬಂದವರೆಲ್ಲ ಅದರ ಕಿವಿ ನೋಡಿದರು, ಮುಖ ನೋಡಿದರು. ಅಂಗಡಿಯಿಂದ ಇಳಿದು ಬಂದ ಕಾಕ ಮಾತ್ರ ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು, ಅದು ನಡೆಯುವುದನ್ನು ನೋಡಿದರು.

"ಈ ಜಾತಿಗೆ ಪ್ರಾಯ ಆದ್ಮೇಲೆ ಸೊಂಟ ಕೈ ಕೊಡ್ತದೆ ಮಾರಾಯ. ಮರಿಯಲ್ಲಿ ಮೆಟ್ಟಿಲು ಹತ್ತಿಸ್ಬೇಡ. ಚಿಕ್ಕದಿರುವಾಗ ತುಂಬ ತಿನ್ನಿಸಿ ದಪ್ಪ ಮಾಡ್ಬೇಡ."

"ನಿಮಗೆ ಇದೆಲ್ಲ ಹೇಗೆ ಗೊತ್ತು ಕಾಕ?"

"ಮತ್ತೆ ನಾನು ಅಲ್ಲಿ ಎಂತ ಮಾಡಿದ್ದು ಅಂತ ನಿನ್ನ ಲೆಕ್ಕ?"

ಆಗ ಹೇಳಿದರು. ಅಲ್ಲಿ ಒಬ್ಬ ಅರಬಿಯ ತೋಟದಲ್ಲಿ ಬೇಟೆ ನಾಯಿಗಳನ್ನು ನೋಡಿಕೊಳ್ಳುವುದು ಅವರ ಕೆಲಸವಾಗಿತ್ತಂತೆ. ಸಲೂಕಿ ಎಂಬ ಜಾತಿ. ಒಣಗಿದ ಹೊಟ್ಟೆ, ಕೋಲಿನಂಥ ಕಾಲು, ಕಿವಿಯ ಮೇಲೆ ಹೆಂಗಸರ ಕೂದಲಿನ ಹಾಗೆ ಜೋತುಬಿದ್ದ ರೋಮ. "ಓಡ್ಲಿಕ್ಕೆ ಹೊರಟ್ರೆ ಕಾಲು ನೆಲಕ್ಕೆ ತಾಗುದು ಕಾಣುದಿಲ್ಲ. ಅದನ್ನು ಅಲ್ಲಿ ಯಾರೂ ನಾಯಿ ಅಂತ ಹೇಳುದಿಲ್ಲ, ಸಲೂಕಿ ಅಂತಲೇ ಹೇಳುದು. ಯಜಮಾನರ ಡೇರೆಯ ಒಳಗೂ ಅದಕ್ಕೆ ಜಾಗ ಉಂಟು." ಯೌವನವಿಡೀ ಎಡಗೈಯಲ್ಲಿ ಅವುಗಳ ಹಗ್ಗ ಹಿಡಿದು ನಡೆದ ಅಭ್ಯಾಸ, ಊರಿಗೆ ಬಂದ ಮೇಲೂ ಕೈ ಹಾಗೆಯೇ ಉಳಿದಿತ್ತು.

ಮಾತಾಡುತ್ತಿರುವಾಗಲೇ ಮರಿ ಅವರ ಅಂಗೈ ನೆಕ್ಕಿತು. ಕಾಕ ನಕ್ಕರು, ಕಿವಿ ತುರಿಸಿದರು. ಆಮೇಲೆ ಎದ್ದು ಅಂಗಡಿಯ ಹಿಂದಿನ ನಳ್ಳಿಗೆ ಹೋಗಿ, ನೆಲದಿಂದ ಒಂದು ಹಿಡಿ ಮಣ್ಣು ತೆಗೆದು ಕೈಗೆ ಉಜ್ಜಿ ತೊಳೆದರು. ಮತ್ತೆ ತೊಳೆದರು. ಮತ್ತೂ ತೊಳೆದರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

"ಎಂತ ಕಾಕ, ನನ್ನ ನಾಯಿ ಅಷ್ಟು ಗಲೀಜಾ?"

ಅವರು ಸಿಟ್ಟಾಗಲಿಲ್ಲ. "ನಾಯಿಯ ಎಂಜಲು ತಾಗಿದ್ರೆ ನಮ್ಮಲ್ಲಿ ಏಳು ಸಲ ತೊಳೀಬೇಕು, ಅದ್ರಲ್ಲಿ ಒಂದು ಸಲ ಮಣ್ಣಲ್ಲಿ. ಇಲ್ಲದಿದ್ರೆ ನಮಾಜಿಗೆ ಆಗುದಿಲ್ಲ. ನಾನು ತೊಳಿಯುದು ನಿನ್ನ ನಾಯಿಗೆ ಬೈಲಿಕ್ಕಲ್ಲ ಮಾರಾಯ, ನಾಳೆ ಪುನಃ ಮುಟ್ಲಿಕ್ಕೆ."

ಅವರು ಹೇಳಿದ ಹಾಗೆಯೇ ಮರುದಿನ ಪುನಃ ಬಂದರು. ಅಲ್ಲಿಂದ ಮುಂದೆ ಪ್ರತಿ ಸಂಜೆ ಬಂದರು. ಕಿಂಗಿಗೆ ಕೂರಲು, ನಿಲ್ಲಲು, ಕಾಯಲು ಕಲಿಸಿದ್ದು ಅವರೇ. ನಾನು ವೆಲ್ಡಿಂಗ್ ಹಚ್ಚಿದರೆ ಕಿಡಿಗೆ ಹೆದರಿ ಅದು ಅವರ ಅಂಗಡಿಯ ಮೆಟ್ಟಿಲ ಬುಡಕ್ಕೆ ಹೋಗಿ ಮಲಗುತ್ತಿತ್ತು. ದಾರಿಯಲ್ಲಿ ಯಾವ ನಾಯಿ ಹೋದರೂ ಕಾಕನ ಬಾಯಿಯಲ್ಲಿ ಒಂದು ಮಾತು ತಯಾರು. ಪೊಮೇರಿಯನ್ ಎಂದರೆ "ಅದು ನಾಯಿ ಅಲ್ಲ, ಕಾಲಿಂಗ್ ಬೆಲ್." ಲ್ಯಾಬ್ ಎಂದರೆ "ಪಾಪದ್ದು, ಆದ್ರೆ ಅದನ್ನು ಸಾಕಿದವನಿಗೆ ಊಟ ಅರ್ಧವೇ." ಡ್ಯಾಶ್ ಹೂಂಡ್ ಕಂಡರೆ "ಅಳತೆ ತೆಗೆಯದೆ ಹೊಲಿದ ಅಂಗಿ." ನಮ್ಮ ಬೀದಿಯ ಕಂಟ್ರಿ ನಾಯಿಗಳ ಬಗ್ಗೆ ಕೇಳಿದರೆ ಮಾತ್ರ ತಮಾಷೆ ಮಾಡುತ್ತಿರಲಿಲ್ಲ. "ಇವಕ್ಕೆ ಯಾರೂ ಜಾತಿ ಕೇಳ್ಲಿಕ್ಕೆ ಹೋಗ್ಲಿಲ್ಲ. ಅದಕ್ಕೇ ಗಟ್ಟಿಯಾಗಿ ಉಳಿದಿವೆ."

ಕೋಮು ಗಲಾಟೆಯಿಂದ ಊರು ಬಿಸಿಯಾಗಿ ಅಂಗಡಿಗಳು ಬೇಗ ಮುಚ್ಚುತ್ತಿದ್ದ ದಿನಗಳಲ್ಲೂ ಕಾಕ ಶಟರ್ ಅರ್ಧ ಎಳೆದು, ಕಿಂಗಿನ ಹತ್ತಿರ ಸ್ವಲ್ಪ ಕೂತು, ಕೈ ತೊಳೆದೇ ಮನೆಗೆ ಹೋಗುತ್ತಿದ್ದರು. ನಾವಿಬ್ಬರೂ ಊರಿನ ವಿಷಯ ಮಾತಾಡುತ್ತಿರಲಿಲ್ಲ. ನಾಯಿಯ ವಿಷಯ ಬೇಕಷ್ಟು ಇತ್ತು.

ಹೀಗೆ ವರ್ಷಗಳು ಹೋದವು. ಕಿಂಗಿನ ಮೂತಿ ಬೆಳ್ಳಗಾಗುವ ಹೊತ್ತಿಗೆ ಕಾಕನ ಸಕ್ಕರೆ ಕಾಯಿಲೆ ಜೋರಾಯಿತು. ಬಲಗೈಯ ಒಂದು ಗಾಯ ಮಾಗದೆ, ಕೊನೆಗೆ ಬೆರಳು ತೆಗೆದರು. ಮೊಣಕೈಯವರೆಗೆ ಬ್ಯಾಂಡೇಜು, ಒಂದು ಹನಿ ನೀರು ತಾಗಬಾರದು ಎಂದು ಡಾಕ್ಟರ ಕಟ್ಟಪ್ಪಣೆ.

ಬಲಗೈ ಕಟ್ಟಿದ ಮೇಲೆ ಎಡಗೈಯನ್ನು ಮಣ್ಣು ಹಾಕಿ ಉಜ್ಜುವುದು ಯಾವುದರಿಂದ? ತೊಳೆಯಲು ಆಗದ ಮೇಲೆ ಮುಟ್ಟುವ ಹಾಗಿಲ್ಲ. ಕಾಕ ಬರುವುದು ಬಿಡಲಿಲ್ಲ, ಆದರೆ ಸ್ಟೂಲು ದೂರ ಹಾಕಿಕೊಂಡು ಎಡಗೈಯನ್ನು ತೊಡೆಯ ಅಡಿಯಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಕಿಂಗ್ ಹತ್ತಿರ ಬಂದರೆ "ಬೇಡ ಮಗಾ, ಅಲ್ಲೇ ಕೂರು" ಎನ್ನುತ್ತಿದ್ದರು. ಅವರೇ ಕಲಿಸಿದ ಮಾತು, ಅದು ಕೂರುತ್ತಿತ್ತು. ಕೂತು ಅವರ ಮುಖ ನೋಡುತ್ತಿತ್ತು. ತಾನೇನು ತಪ್ಪು ಮಾಡಿದೆ ಎಂದು ಕೇಳುವ ಹಾಗಿತ್ತು ಆ ನೋಟ. ಕಾಕ ಅದನ್ನು ನೋಡಲಾಗದೆ ರಸ್ತೆ ನೋಡುತ್ತಿದ್ದರು.

ಒಂದು ಸಂಜೆ ನನಗೆ ತಡೆಯಲಿಲ್ಲ. "ಕಾಕ, ನೀವು ಮುಟ್ಟಿ. ಕೈ ನಾನು ತೊಳೆದು ಕೊಡ್ತೇನೆ."

"ಬೇಡ ಮಾರಾಯ. ಮನೆಯವರಿಗೇ ಕಷ್ಟ ಕೊಡುದಿಲ್ಲ ನಾನು. ಮತ್ತೆ ನೋಡಿದವರು ಎಂತ ಹೇಳ್ಲಿಕ್ಕಿಲ್ಲ?"

ಕಿಟಕಿಯ ಗ್ರಿಲ್ಲಿಗೆ ಅಳತೆ ಕೊಡಲು ಬಂದಿದ್ದ ನಮ್ಮವನೇ ಒಬ್ಬ ಅಲ್ಲೇ ನಿಂತಿದ್ದ. ಜೋರಾಗಿ ನಕ್ಕ. "ಒಳ್ಳೇದಾಯ್ತು. ಇನ್ನು ವೆಲ್ಡಿಂಗ್ ಬಿಟ್ಟು ಬ್ಯಾರಿಗಳ ಕೈ ತೊಳೀಲಿಕ್ಕೆ ಹೋಗು. ಮಾನ ಉಂಟಾ ನಿಂಗೆ?"

"ಉಂಟು. ಅದಕ್ಕೇ ಹೇಳ್ತೇನೆ, ನಿನ್ನ ಗ್ರಿಲ್ಲು ಬೇರೆ ಕಡೆ ಮಾಡಿಸು" ಎಂದೆ. ಅವನು ಗೊಣಗುತ್ತ ಹೋದ. ಕಾಕ ಎದ್ದು ಹೋದರು.

ಮರುದಿನದಿಂದ ಅಂಗಡಿಯಲ್ಲಿ ಅವರ ಮಗ. "ಅಪ್ಪನಿಗೆ ಕಾಲು ಊದಿದೆ" ಎಂದ. ಕಾಲು ಊದಿದ್ದೋ, ಆ ಮಾತು ಚುಚ್ಚಿದ್ದೋ ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಕಿಂಗ್ ಅನ್ನ ಅರ್ಧಕ್ಕೆ ಬಿಡತೊಡಗಿತು. ಏಳುವಾಗ ಅದರ ಹಿಂಗಾಲುಗಳೂ ನಡುಗುತ್ತಿದ್ದವು. ಇಬ್ಬರಲ್ಲಿ ಯಾರಾದರೂ ಒಬ್ಬರು ಹೀಗೆಯೇ, ಮುಟ್ಟದೆಯೇ ಹೋಗಿಬಿಡುತ್ತಾರೆ ಎಂಬ ಹೆದರಿಕೆ ನನಗೆ ಕೆಲಸ ಮಾಡಲು ಬಿಡಲಿಲ್ಲ.

ಶುಕ್ರವಾರ ಜುಮಾ ನಮಾಜು ಮುಗಿದು ಜನ ಪಳ್ಳಿಯಿಂದ ಹೊರಬರುವ ಹೊತ್ತಿಗೆ ಹೊರಟೆ. ಬೇಕೆಂದೇ ಆ ಹೊತ್ತು ಹಿಡಿದೆ. ಒಂದು ಕೈಯಲ್ಲಿ ಕಿಂಗಿನ ಹಗ್ಗ, ಇನ್ನೊಂದರಲ್ಲಿ ನೀರು ತುಂಬಿದ ಕೊಡಪಾನ, ಕಿಸೆಯಲ್ಲಿ ಪೇಪರಿನಲ್ಲಿ ಕಟ್ಟಿದ ಮಣ್ಣು. ರಸ್ತೆಯುದ್ದಕ್ಕೂ ಜನ ನೋಡಿದರು. ಕಾಕನ ಮನೆಯ ಗೇಟಿನ ಹೊರಗೆ ನಿಂತೆ. ಅವರು ಸಿಟೌಟಿನಲ್ಲಿ ಕೂತಿದ್ದರು. ಕಾಲು ನಿಜವಾಗಿಯೂ ಕಂಬದ ಹಾಗೆ ಊದಿತ್ತು.

"ಮರ್ಲಾ ನಿಂಗೆ, ತಲೆ ಸಮ ಉಂಟಾ? ಇಷ್ಟು ಜನರ ಎದುರು?"

"ಜನರ ಎದುರೇ ಆಗ್ಬೇಕು ಕಾಕ. ಕದ್ದು ಮಾಡ್ಲಿಕ್ಕೆ ಇದು ಕಳ್ಳ ಮಾಲಾ?"

ಅವರ ಸೊಸೆ ನಾಯಿ ಎಂದರೆ ಹೆದರುವವಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಕುರ್ಚಿ ತಂದು ಗೇಟಿನ ಒಳಗೆ ಹಾಕಿ, ಮಾವನನ್ನು ಹಿಡಿದು ತಂದು ಕೂರಿಸಿದಳು. ಕಾಕ ಎಡಗೈಯನ್ನು ಗೇಟಿನ ಸರಳುಗಳ ನಡುವಿನಿಂದ ಹೊರಗೆ ಹಾಕಿದರು. ಕಿಂಗ್ ಹಾರಲಿಲ್ಲ, ಕೂಗಲಿಲ್ಲ. ತಲೆಯನ್ನು ಆ ಕೈಯ ಅಡಿಗೆ ತಂದಿಟ್ಟು, ಕಣ್ಣು ಮುಚ್ಚಿ ನಿಂತಿತು. ಕಾಕ ಕಿವಿಯ ಹಿಂದೆ ತುರಿಸಿದರು, ಬೆನ್ನು ಸವರಿದರು, ಸೊಂಟದ ಮೇಲೆ ಬೆರಳಿಟ್ಟರು.

"ಇಳಿದಿದೆ ಮಾರಾಯ, ಸೊಂಟ ಇಳಿದಿದೆ. ಏಳುವಾಗ ಹೊಟ್ಟೆಯ ಅಡಿಯಿಂದ ಮೈ ಒರೆಸುವ ಒಂದು ಬೈರಾಸು ಹಾಕಿ ಎತ್ತು. ಕಾಲು ಹಿಡಿದು ಎಳೀಬೇಡ."

ಬೇಕಷ್ಟು ಹೊತ್ತು ಮುಟ್ಟಿದರು. ಆಮೇಲೆ ಕಿಂಗನ್ನು ಗೇಟಿನ ಬದಿಗೆ ಕಟ್ಟಿ, ಅವರ ಕೈ ಹಿಡಿದು ಕುಕ್ಕರಗಾಲಲ್ಲಿ ಕೂತೆ. ಸೊಸೆ ಕೊಡಪಾನ ಎತ್ತಿ ನೀರು ಹೊಯ್ದಳು, ನಾನು ಉಜ್ಜಿದೆ. ನಾನು ಇನ್ನೊಬ್ಬರ ಕೈ ತೊಳೆದವನಲ್ಲ, ನನ್ನ ಅಪ್ಪನದ್ದೂ ಇಲ್ಲ. ಚರ್ಮ ಮಾತ್ರ ಉಳಿದ ಕೈ ಅದು. ನನ್ನ ಅಂಗೈಯ ದಡ್ಡು ತಾಗಿ ನೋವಾಗುತ್ತದೋ ಎಂದು ಮೆಲ್ಲ ಉಜ್ಜಿದೆ. ನಡುವೆ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತರು. ಈಗ ಒಂದು ಮಾತು ಬೀಳುತ್ತದೆ ಎಂದು ನಾನು ಹಲ್ಲು ಕಚ್ಚಿದೆ. "ಮಣ್ಣು ಮೊದಲೇ ಹಾಕಿದ್ರೆ ಒಳ್ಳೇದಿತ್ತು ಅಣ್ಣ" ಎಂದು ಹೇಳಿ ಅವರು ಹೋದರು. ಮಣ್ಣು ಹಾಕಿ ಮುಂದುವರಿಸಿದೆ. ಮುಗಿದ ಮೇಲೆ "ಏಳು" ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿ ಎದ್ದೆ.

ಅದೇ ಕೊನೆ. ಮುಂದಿನ ಶುಕ್ರವಾರ ಬರುವ ಮೊದಲೇ ಕಿಡ್ನಿ ನಿಂತು ಕಾಕ ಆಸ್ಪತ್ರೆಯಲ್ಲಿ ತೀರಿಕೊಂಡರು. ದಫನಕ್ಕೆ ಹೋದೆ. ಎಲ್ಲರೊಂದಿಗೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಯಾರೂ ತಡೆಯಲಿಲ್ಲ.

ಕಿಂಗ್ ಇನ್ನೂ ಉಂಟು. ದಿನಾ ಬೆಳಿಗ್ಗೆ ಬೈರಾಸು ಹಾಕಿ ಎತ್ತುತ್ತೇನೆ. ಎಷ್ಟು ದಿನ ಹೀಗೆ ಎತ್ತುವುದು ಸರಿ, ಯಾವಾಗ ಬಿಡಬೇಕು ಎಂದು ಕೇಳೋಣವೆಂದರೆ ಹೇಳುವ ಜನ ಇಲ್ಲ.

ಮೊನ್ನೆ ಅವರ ಸೊಸೆ ಗೇಟಿನ ಚಿಲಕ ರಿಪೇರಿಗೆ ಹೇಳಲು ಬಂದಳು. ಹೋಗುವ ಮೊದಲು ಸ್ವಲ್ಪ ನಿಂತಳು.

"ಅಣ್ಣ, ಆ ದಿನ ಎಂಟಾಗಿತ್ತು."

"ಎಂತ ಎಂಟು?"

"ತೊಳೆದದ್ದು. ರಸ್ತೆಯಲ್ಲಿ ನಿಂತ ಆ ಜನ ಮಾತಾಡಿದಾಗ ನಿಮಗೆ ಲೆಕ್ಕ ತಪ್ಪಿತು. ನಾನು ಹೇಳ್ಲಿಕ್ಕೆ ಹೊರಟೆ, ಮಾವ ಕಣ್ಣಲ್ಲೇ ಸುಮ್ಮನಿರು ಅಂದ್ರು. ನೀವು ಹೋದ್ಮೇಲೆ ಕೇಳಿದೆ. 'ಇನ್ನೂ ನಾಲ್ಕು ಸಲ ತಪ್ಪಿದ್ರೂ ನಾನು ಹೇಳ್ತಿರ್ಲಿಲ್ಲ' ಅಂದ್ರು."