ಅಜ್ಜಿಯ ನಡಿಗೆಯನ್ನು ಮಾಡಿ ತೋರಿಸಿದ್ದು

ಅಜ್ಜಿಯ ಕೈ ನಡುಗಿಸಿದ ಗುಳಿಗೆಯನ್ನು ತಪ್ಪದೆ ತಂದುಕೊಡುತ್ತಿದ್ದವನು ನಾನು. ಆ ನಡುಕವನ್ನೇ ಅಣಕಿಸಿ ಬೆಟಗೇರಿಯ ನಮ್ಮ ಓಣಿಯನ್ನು ನಗಿಸಿದವನೂ ನಾನೇ. ಎರಡೂ ಒಬ್ಬನದೇ ಕೆಲಸವಾದ್ದರಿಂದ ಬೈಯುವವರಿಗೆ ಅನುಕೂಲವಾಯಿತು.

ಹಿಂದಿನ ವರ್ಷ ತಲೆಸುತ್ತು ಬಂದಾಗ ಗದಗಿನ ಡಾಕ್ಟರು ಸ್ವಲ್ಪ ದಿನಕ್ಕೆಂದು ಒಂದು ಗುಳಿಗೆ ಬರೆದಿದ್ದರು. ತಲೆಸುತ್ತು ನಿಂತಿತು, ಗುಳಿಗೆ ನಿಲ್ಲಲಿಲ್ಲ. ಔಷಧಿ ಅಂಗಡಿಯಲ್ಲಿ ಬಿಪಿ ಗುಳಿಗೆಯ ಜೊತೆ ಅದರ ಖಾಲಿ ಪಟ್ಟಿಯನ್ನೂ ತೋರಿಸಿ "ಇದನ್ನೂ ಕೊಡ್ರಿ" ಎನ್ನುತ್ತಿದ್ದೆ.

ಬರುಬರುತ್ತ, ಅಪ್ಪನ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆಯನ್ನು ರಾಟಿಯಲ್ಲಿ ಸುತ್ತುವಾಗ ಅಜ್ಜಿಯ ಕೈಯಲ್ಲಿ ಎಳೆ ಹರಿದು ತುಂಡಾಗತೊಡಗಿತು. ಕೊನೆಗೆ ರಾಟಿಯನ್ನು ಮೂಲೆಗೆ ಸರಿಸಿಬಿಟ್ಟಳು. ವಯಸ್ಸಾಯಿತು ಎಂದಳು ಅವ್ವ. ನನಗೋ ಹೊಸ ಸರಕು ಸಿಕ್ಕಿತ್ತು. ಕಟ್ಟೆಯ ಮೇಲೆ ಕೂತವರೆದುರು ಗಿಡ್ಡ ಹೆಜ್ಜೆಯಲ್ಲಿ ತುರುತುರು ನಡೆದು, ಹೆಬ್ಬೆರಳು ಆಡಿಸಿ ತೋರಿಸುತ್ತಿದ್ದೆ. ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ನಗುತ್ತಿದ್ದರು. ಮೊದಲೆಲ್ಲ ನನ್ನ ಚೇಷ್ಟೆಗೆ ಹೊಟ್ಟೆ ಹಿಡಿದು ನಗುತ್ತಿದ್ದವಳು. ಸಿಟ್ಟಾಗಿದ್ದಾಳೆ ಎಂದುಕೊಂಡು ಇನ್ನೂ ಜೋರು ಮಾಡುತ್ತಿದ್ದೆ.

ಬಿಪಿ ತೋರಿಸಲು ನಾನು ಕರೆದೊಯ್ದ ದಿನ ಅಜ್ಜಿ ಅದೇ ಡಾಕ್ಟರಿಗೆ, "ಕಂಡಿಕಿ ಸುತ್ತಾಕ ಆಗವಲ್ದ್ರಿ. ಕೈ ನನ್ನ ಮಾತ ಕೇಳವಲ್ದು" ಎಂದಳು.

"ಅಡ್ಡಾಡೂದು ಹೆಂಗೈತ್ರಿ?"

ಅವಳು ಬಾಯಿ ತೆರೆಯುವುದರೊಳಗೆ ನಾನೇ ಎದ್ದು ನಡೆದು ತೋರಿಸಿದೆ. ಡಾಕ್ಟರು ನಗಲಿಲ್ಲ.

"ಇನ್ನೊಮ್ಮೆ ಮಾಡು ತಮ್ಮಾ. ನಗಸಾಕ ಬ್ಯಾಡ. ಖರೇ ಹೆಂಗ ಅಡ್ಡಾಡ್ತಾರ, ಹಂಗ ಮಾಡು."

ನಗಿಸುವುದನ್ನು ತೆಗೆದಮೇಲೆ ಉಳಿದದ್ದು ಸ್ವಲ್ಪವೇ. ಬಲಗೈ ಬೀಸುತ್ತಿರಲಿಲ್ಲ. ಮುಖ ಅಲುಗುತ್ತಿರಲಿಲ್ಲ. ಬಾಗಿಲ ತನಕ ಹೋಗಿ ತಿರುಗಿದಾಗ ಅಜ್ಜಿಯ ಕಡೆ ನೋಡಲು ನನ್ನಿಂದ ಆಗಲಿಲ್ಲ.

ಡಾಕ್ಟರು ನಾವು ತಂದಿದ್ದ ಚೀಲದೊಳಗಿನ ಗುಳಿಗೆಗಳನ್ನೆಲ್ಲ ಟೇಬಲ್ಲಿನ ಮೇಲೆ ಸುರುವಿ, ಒಂದೊಂದನ್ನೇ ನೋಡುತ್ತ ಬಂದು, ತಲೆಸುತ್ತಿನದನ್ನು ಎತ್ತಿ ಹಿಡಿದರು.

"ಇದನ್ನ ಇನ್ನೂ ಯಾರು ತರಾಕತ್ತಾರ?"

"ನಾನ್ರಿ."

"ವಯಸ್ಸಾದವರು ಇದನ್ನ ಬಾಳ ದಿನಾ ತಗೊಂಡ್ರ ಕೈ ನಡಗತಾವು, ಮೈ ಬಿಗೀತೈತಿ. ಮಾರಿನೂ ಬಿಗೀತೈತಿ. ನಗಬೇಕಂದ್ರೂ ನಗಾಕ ಬರೂದಿಲ್ಲ. ಇವತ್ತಿಂದ ಇದು ಬಂದ್. ಸುದಾರಸಬಹುದು, ಆದ್ರ ಜಲ್ದಿ ಆಗೂದಿಲ್ಲ."

ಅಜ್ಜಿ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದಳು. ಅಲ್ಲಿಯಾದರೂ ನಾನು ಸುಮ್ಮನಿರಬೇಕಿತ್ತು. ಆಟೋದಲ್ಲಿ ಮರ್ಯಾದೆ ಉಳಿಸಿಕೊಳ್ಳಲು ಬಾಯಿಬಿಟ್ಟೆ.

"ನೋಡಬೇ ಅಜ್ಜೀ, ನಾ ಮಾಡಿ ತೋರಿಸಿದ್ದಕ್ಕ ನಿನ್ನ ಜಡ್ಡು ಗೊತ್ತಾತು."

ಅಜ್ಜಿ ರಸ್ತೆಯ ಕಡೆಯೇ ನೋಡುತ್ತ ಹೇಳಿದಳು:

"ಕೈ ಹೆಂಗ ನಡಗತೈತಿ, ಕಾಲು ಹೆಂಗ ಎಳೀತೈತಿ, ಎಲ್ಲಾ ಅಷ್ಟು ಬರೋಬರಿ ನೋಡೀದಿ. ಏನಾಗೇತಿ ಅಜ್ಜೀ ಅಂತ ಒಮ್ಮೆರ ಕೇಳೀದೇನಲೇ?"