ಕಪ್ಪು ಹಿಡಿಯದ ನರೆ

ಕಣಿ, ಶಕುನ ಎಂದು ಬಂದವರನ್ನು ನಾನು ಅಂಗಡಿಯ ಜಗಲಿಯಿಂದಲೇ ಅಟ್ಟುತ್ತಿದ್ದೆ. ಬಂಟ್ವಾಳದಲ್ಲಿ ಬಸ್ಸುಗಳಿಗೆ, ಹೋಟೆಲುಗಳಿಗೆ ಬೋರ್ಡು ಬರೆದು ಸ್ವಂತ ಕಾಲ ಮೇಲೆ ನಿಂತವನು ನಾನು. ಕಣ್ಣಿಗೆ ಕಂಡದ್ದಕ್ಕೆ ಮಾತ್ರ ರೇಟು ಹೇಳುವುದು ನನ್ನ ಕ್ರಮ. ಹಾಗಾಗಿ ಇದನ್ನು ಬರೆಯುವಾಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಬರಲಿ.

ಐವತ್ತರ ದಶಕದ ಕೊನೆಯಲ್ಲಿ ಹಳ್ಳಿಮನೆಗಳಲ್ಲಿ ಫೋಟೋ ಎಲ್ಲಿಯದು? ಯಾರಾದರೂ ತೀರಿಕೊಂಡರೆ, ಮನೆಯವರು ಹೇಳಿದ್ದನ್ನು ಕೇಳಿ ನಾನು ತಗಡಿನ ಮೇಲೆ ಮುಖ ಬರೆದುಕೊಡುತ್ತಿದ್ದೆ. ಈ ಕೆಲಸ ಕಲಿಯುವವರಿಗೆ ಒಂದು ಮಾತು ಹೇಳುತ್ತೇನೆ. ಮೂಗು ಹೇಗಿತ್ತು, ಕಣ್ಣು ಹೇಗಿತ್ತು ಎಂದು ಕೇಳಬೇಡಿ. ದುಃಖದಲ್ಲಿದ್ದವರು ಎಲ್ಲರ ಮೂಗನ್ನೂ ಚಂದ ಮಾಡುತ್ತಾರೆ. ಆತ ಊಟಕ್ಕೆ ಹೇಗೆ ಕೂರುತ್ತಿದ್ದ, ಸಿಟ್ಟು ಬಂದರೆ ಏನು ಮಾಡುತ್ತಿದ್ದ, ಅದನ್ನು ಕೇಳಿ. ಕಥೆ ಸರಿಯಾಗಿ ಬಂದರೆ ಮುಖ ತಾನಾಗಿ ಬರುತ್ತದೆ. ಗಲ್ಲ, ಹಣೆ ಬೇಕಾದರೆ ಒಡಹುಟ್ಟಿದವರಿಂದ ಎರವಲು ತನ್ನಿ.

ಹಾಗೆ ನೆರಿಯ ಎಂಬ ಊರಿನ ಒಂದು ಗೌಡರ ಮನೆಗೆ ಹೋದೆ. ಮನೆಯ ಯಜಮಾನರ ತಮ್ಮ ಚಾರ್ಮಾಡಿ ಘಾಟಿ ಹತ್ತಿ ಕಾಫಿ ತೋಟದ ಕೆಲಸಕ್ಕೆ ಹೋಗಿ ಆರು ವರ್ಷವಾಗಿತ್ತು. ಸುದ್ದಿ ಇಲ್ಲ. ಸತ್ತನೆಂದು ಯಾರೋ ತಿಳಿಸಿದರಂತೆ, ಅಣ್ಣನ ಮಾತು. ಆ ಯಾರೋ ಯಾರೆಂದು ಅವರು ಹೇಳಲಿಲ್ಲ. ಉತ್ತರಕ್ರಿಯೆಯ ದಿನ ಚಿತ್ರಕ್ಕೆ ಹಾರ ಬೀಳಬೇಕು, ತಮ್ಮನ ಹೆಂಡತಿ ಹೊನ್ನಮ್ಮ ಕರಿಮಣಿ ತೆಗೆದು ತವರಿಗೆ ಹೋಗಬೇಕು, ಗದ್ದೆಯಲ್ಲಿ ಅವಳ ಗಂಡನ ಪಾಲಿನ ಮಾತು ಅಲ್ಲಿಗೆ ಮುಗಿಯಬೇಕು. ಇಷ್ಟು ನನಗೆ ಮೊದಲ ದಿನವೇ ಹೊಳೆಯಿತು. ಹೊಳೆದೂ ಸುಮ್ಮನಿದ್ದೆ.

ಕಥೆ ಹೇಳಿದ್ದು ಹೊನ್ನಮ್ಮನೇ, ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಗೇರುತ್ತ. ಸಿಟ್ಟು ಬಂದರೆ ಆತ ಹಟ್ಟಿಗೆ ಹೋಗಿ ಎತ್ತುಗಳ ಹತ್ತಿರ ದೂರು ಹೇಳುತ್ತಿದ್ದನಂತೆ. ಸುಳ್ಳು ಹೇಳಲು ಹೊರಟರೆ ಅವನಿಗೇ ನಗು ಬರುತ್ತಿತ್ತಂತೆ. ಮರುದಿನ ಮಧ್ಯಾಹ್ನ ಮುಖ ಮುಗಿಯಿತು. ಅಣ್ಣ ನೋಡಿ, ಇದು ಅವನೇ ಎಂದರು. ಹೊನ್ನಮ್ಮ ಹತ್ತಿರ ಬಂದು ಬಾಗಿ ನೋಡಿದಳು.

"ಕಿವಿಯ ಮೇಲೆ ನರೆ ಯಾಕೆ? ಹೋಗುವಾಗ ಇರಲಿಲ್ಲ."

ನೋಡಿದೆ. ಎಡಗಿವಿಯ ಮೇಲೆ ಏಳೆಂಟು ಬಿಳಿ ಕೂದಲು. ತೆಳು ಕುಂಚದ ಗೆರೆ, ನನ್ನದೇ ಕೈ. ಎಳೆದ ನೆನಪು ಮಾತ್ರ ಇಲ್ಲ. ಪ್ರಾಯದ ಗಂಡಸಿಗೆ ನರೆ ಬರೆಯಲು ನನಗೇನು ತಲೆ ಕೆಟ್ಟಿತ್ತೇ?

ಕಪ್ಪು ಹಾಕಿ ಎಂದರು ಅಣ್ಣ. ಹಾಕಿದೆ. ಬೆಳಿಗ್ಗೆ ನೋಡಿದರೆ ಒಣಗಿದ ಕಪ್ಪಿನ ಮೇಲೆ ಅದೇ ಗೆರೆಗಳು. ಮತ್ತೆ ದಪ್ಪಗೆ ಬಳಿದು ಎದುರಿಗೇ ಕುಳಿತೆ. ಯಾರೂ ಮುಟ್ಟಲಿಲ್ಲ. ಊಟಕ್ಕೆ ಕರೆದಾಗ ಒಮ್ಮೆ ಆಚೆ ನೋಡಿ ತಿರುಗಿದೆ, ನರೆ ಅಲ್ಲಿಯೇ ಇತ್ತು. ಬಿಳಿ ಅಕ್ಷರದ ಮೇಲೆ ಕಪ್ಪು ಬಳಿದು ಎಷ್ಟೋ ಬಸ್ಸುಗಳ ಹೆಸರು ಬದಲಿಸಿದ್ದೇನೆ. ಒಂದೂ ಹೀಗೆ ಎದ್ದು ಬಂದದ್ದಿಲ್ಲ.

ಅಣ್ಣ ನನ್ನ ಮೇಲೆ ಹರಿಹಾಯ್ದರು.

"ಇವಳು ಏನು ಹೇಳಿಕೊಟ್ಟಿದ್ದಾಳೆ ಮಾರಾಯ್ರೆ? ನೀವು ಬೋರ್ಡು ಬರೆಯುವವರಾ, ಕಣಿ ಹೇಳುವವರಾ?"

ನನಗೆ ರಕ್ತ ಕುದಿಯಿತು. ರೇಟಿಗೆ ಎಷ್ಟು ಬೇಕಾದರೂ ಎಳೆದಾಡಿ, ನನ್ನ ಕೈಗೆ ಮೋಸ ಅಂಟಿಸಬೇಡಿ ಎಂದೆ. ಹಾಗಾದರೆ ಇನ್ನೊಮ್ಮೆ ಬಳಿಯಿರಿ ಎಂದರು. ಕುಂಚ ಎತ್ತಿಯೂ ಆಗಿತ್ತು, ಸುಳ್ಳು ಹೇಳುವುದಿಲ್ಲ.

"ಬಿಡಿ ಭಾವ," ಎಂದಳು ಹೊನ್ನಮ್ಮ. "ಆರು ವರ್ಷದಲ್ಲಿ ನನ್ನ ತಲೆ ನರೆತಿದೆ, ನಿಮ್ಮದೂ ನರೆತಿದೆ. ಸತ್ತವರದ್ದು ನರೆಯುವುದುಂಟಾ?"

ಅವಳು ತಗಡನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಕರಿಮಣಿ ಕೊರಳಲ್ಲೇ ಇತ್ತು.

ಆತ ಬಂದನೋ ಇಲ್ಲವೋ ಗೊತ್ತಿಲ್ಲ. ಆ ಕಡೆ ಮತ್ತೆ ಹೋಗುವ ಮುಖ ನನಗಿರಲಿಲ್ಲ. ಬಣ್ಣ ಕಲಬೆರಕೆ ಎಂದು ಮೂಡಬಿದಿರೆಯ ಅಂಗಡಿಯವನೊಡನೆ ಜಗಳವಾಡಿದೆ. ಅದೇ ಡಬ್ಬಿಯಿಂದ ಹತ್ತಾರು ತಗಡಿಗೆ ಬಳಿದು ನೋಡಿದೆ. ಎಲ್ಲದರಲ್ಲೂ ಕಪ್ಪು ಕಪ್ಪಾಗಿಯೇ ನಿಂತಿತು. ಆ ನರೆಯನ್ನು ಎಳೆದದ್ದು ಯಾರೆಂದು ಇಂದಿಗೂ ಹೇಳಲಾರೆ. ಎಲ್ಲ ತಿಳಿದೂ ಅದರ ಮೇಲೆ ಎರಡು ಸಲ ಕಪ್ಪು ಬಳಿದದ್ದು ಯಾರೆಂದು ಬಲ್ಲೆ. ಆ ಮನುಷ್ಯನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.